ದು ಫುಗೆ ಕೈಮುಗಿಯಬೇಡಿ, ಓದಿ

ಚೀನಾದ ಕವಿ ದು ಫುಗೆ ಅಲ್ಲಿನವರು ಕೊಟ್ಟಿರೋ ಬಿರುದು, ಕವಿಗಳಲ್ಲಿ ಋಷಿ. ಆ ಬಿರುದಿನ ಮೇಲೆ ನನ್ನದೊಂದು ತಕರಾರಿದೆ. ಋಷಿ ಅಂದ್ರೆ ಸಾಕು, ನಾವು ಕೈಮುಗಿದು ಮುಂದಕ್ಕೆ ಹೋಗಿಬಿಡ್ತೀವಿ.

ಹುಟ್ಟಿದ್ದು 712ರಲ್ಲಿ, ಟ್ಯಾಂಗ್ ದೊರೆಗಳ ಕಾಲ. ಅಧಿಕಾರಿಗಳ ಮನೆತನ, ಆದ್ರೆ ಹುಡುಗ ಸರ್ಕಾರಿ ಪರೀಕ್ಷೇಲಿ ಫೇಲು. 747ರಲ್ಲಿ ಮತ್ತೆ ಕೂತರೆ, ಮಂತ್ರಿ ಲಿ ಲಿನ್‌ಫು ಆ ಸಲ ಒಬ್ಬರನ್ನೂ ಪಾಸು ಮಾಡಲಿಲ್ಲ. ಬುದ್ಧಿವಂತರೆಲ್ಲ ಆಗಲೇ ಆಸ್ಥಾನದಲ್ಲಿದ್ದಾರೆ, ಹೊರಗೆ ಯಾರೂ ಉಳಿದಿಲ್ಲ ಅಂತ ಚಕ್ರವರ್ತಿಗೆ ಹೇಳಿದನಂತೆ! ರಾಜಧಾನಿ ಚಾಂಗಾನ್‌ನಲ್ಲಿ ವರ್ಷಗಟ್ಟಲೆ ದೊಡ್ಡವರ ಬಾಗಿಲು ಕಾದು, 755ರಲ್ಲಿ ಅಂತೂ ಒಂದು ಚಿಲ್ಲರೆ ಹುದ್ದೆ ಸಿಕ್ಕಿತು.

ಆ ಚಳಿಗಾಲ ಹೆಂಡತಿ ಮಕ್ಕಳನ್ನ ನೋಡೋಕೆ ಹೊರಟ. ದಾರಿಯಲ್ಲೇ ಚಕ್ರವರ್ತಿಯ ಬಿಸಿನೀರಿನ ಬುಗ್ಗೆಯ ಅರಮನೆ. ಕೆಂಪು ಬಾಗಿಲುಗಳ ಒಳಗೆ ಹೆಂಡ, ಮಾಂಸ ಕೊಳೆತು ನಾರ್ತಿವೆ, ರಸ್ತೆಯಲ್ಲಿ ಚಳಿಗೆ ಸತ್ತವರ ಮೂಳೆ ಬಿದ್ದಿವೆ ಅಂತ ಬರೆದ. ಇದನ್ನ ಎಲ್ಲರೂ ಉದಾಹರಿಸ್ತಾರೆ, ಇಲ್ಲಿಗೇ ನಿಲ್ಲಿಸಿಬಿಡ್ತಾರೆ. ದಯವಿಟ್ಟು ಮುಂದೆ ಓದಿ. ಮನೆ ಮುಟ್ಟಿದರೆ ಒಳಗಿಂದ ಅಳು. ಅವನ ಎಳೆ ಕೂಸು ಹಸಿವಿನಿಂದ ಸತ್ತಿದೆ. ಅಪ್ಪ ಅನ್ನಿಸಿಕೊಳ್ಳೋಕೆ ನಾಚಿಕೆ ಅಂತಾನೆ. ಅದಾದ ಮೇಲೆ ಬರೋ ಮಾತು ನೋಡಿ: ನಾನು ಕಂದಾಯ ಕಟ್ಟಬೇಕಾಗಿಲ್ಲ, ಸೈನ್ಯದ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ನನ್ನ ಪಾಡೇ ಹೀಗಾದರೆ ನೆಲ ಕಳಕೊಂಡವರ ಪಾಡೇನು? ಮಗ ಸತ್ತಿರೋ ಹೊತ್ತಲ್ಲಿ ತನಗೆ ಸಿಕ್ಕಿರೋ ವಿನಾಯಿತಿ ಎಷ್ಟು ಅಂತ ಲೆಕ್ಕ ಹಾಕ್ತಿದ್ದಾನೆ. ಬಡವರ ಬಗ್ಗೆ ಬರೆಯೋ ಕವಿಗಳು ಬೇಕಾದಷ್ಟು. ಈ ಲೆಕ್ಕಕ್ಕೆ ಕೂರೋರು ತೀರಾ ಕಡಿಮೆ.

ಅದೇ ಹೊತ್ತಿಗೆ ಆನ್ ಲುಶಾನ್ ಅನ್ನೋ ಸೇನಾಪತಿ ದಂಗೆ ಎದ್ದ. 757ರ ವಸಂತದಲ್ಲಿ ದು ಫು ದಂಗೆಕೋರರ ಕೈಲಿದ್ದ ಚಾಂಗಾನ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದ. ಅಲ್ಲಿ ಬರೆದ ಎಂಟು ಸಾಲಿನ ಪದ್ಯ ಅವನ ಕಸುಬು ಏನು ಅಂತ ತೋರಿಸುತ್ತೆ. ಆ ಛಂದಸ್ಸಿನಲ್ಲಿ ನಡುವಿನ ಸಾಲುಗಳು ಜೋಡಿಜೋಡಿಯಾಗಿ ಪದಕ್ಕೆ ಪದ ಎದುರು ನಿಲ್ಲಬೇಕು. ಮೂರು ತಿಂಗಳಿಂದ ಆರದ ಯುದ್ಧದ ಬೆಂಕಿ ಒಂದು ಸಾಲಲ್ಲಿ, ಹತ್ತು ಸಾವಿರ ಚಿನ್ನಕ್ಕೆ ಸಮನಾದ, ಮನೆಯಿಂದ ಬರೋ ಕಾಗದ ಇನ್ನೊಂದರಲ್ಲಿ. ಬೆಂಕಿಗೆ ಎದುರು ಕಾಗದ, ಸಂಖ್ಯೆಗೆ ಎದುರು ಸಂಖ್ಯೆ. ಎಷ್ಟು ಬಿಗಿ! ಮುರಿದುಬಿದ್ದ ದೇಶದಿಂದ ಶುರುವಾದ ಪದ್ಯ, ಕೆರೆದೂ ಕೆರೆದೂ ಪಿನ್ನು ನಿಲ್ಲದಷ್ಟು ತೆಳುವಾದ ಅವನದೇ ನರೆಗೂದಲಲ್ಲಿ ಮುಗಿಯುತ್ತೆ.

ಇನ್ನೊಂದು, 759ರದ್ದು. ಷಿಹಾವ್ ಊರಿನ ಒಂದು ಮನೆಯಲ್ಲಿ ರಾತ್ರಿ ತಂಗಿದ್ದಾನೆ. ಸೈನ್ಯಕ್ಕೆ ಜನ ಹಿಡಿಯೋಕೆ ಅಧಿಕಾರಿ ಬರ್ತಾನೆ. ಮುದುಕ ಗೋಡೆ ಹಾರಿ ಓಡ್ತಾನೆ. ಮೂವರು ಗಂಡುಮಕ್ಕಳೂ ಯುದ್ಧಕ್ಕೆ ಹೋದರು, ಇಬ್ಬರು ಸತ್ತರು, ನಾನೇ ಬರ್ತೀನಿ, ಬೆಳಗಿನ ಅಡುಗೆಗಾದರೂ ಆದೇನು ಅಂತಾಳೆ ಮುದುಕಿ. ಬೆಳಗ್ಗೆ ಕವಿ ಹೊರಡುವಾಗ ಬೀಳ್ಕೊಡೋಕೆ ಮುದುಕ ಒಬ್ಬನೇ. ಸ್ವತಃ ಅಧಿಕಾರಿಯಾಗಿದ್ದೂ ತಾನು ಎದ್ದು ಹೋಗಿ ತಡೆದೆ ಅಂತ ದು ಫು ಬರೆಯಲಿಲ್ಲ. ಅಯ್ಯೋ ಅಂತಲೂ ಅನ್ನಲಿಲ್ಲ. ಅದಕ್ಕೇ ಆ ಪದ್ಯ ನಮ್ಮನ್ನ ಬಿಡೋದಿಲ್ಲ.

770ರಲ್ಲಿ ಸತ್ತ. ಗೆಳೆಯ, ಕವಿ ಲಿ ಬಾಯ್‌ಗೆ ಬಂದಂಥ ಹೆಸರು ಇವನಿಗೆ ಬದುಕಿದ್ದಾಗ ಬರಲಿಲ್ಲ. ಪೂಜೆ ಜೋರಾಗಿದ್ದು ಟ್ಯಾಂಗ್ ದೊರೆಗಳ ನಂತರ ಬಂದ ಸಾಂಗ್ ವಂಶದ ಕಾಲದಲ್ಲಿ.

ಪೂಜೆ ಮಾಡೋರಿಗೆ ನೈರುತ್ಯ ಚೀನಾದ ಚೆಂಗ್ಡು ಊರಲ್ಲಿದ್ದಾಗಿನ ದು ಫುವನ್ನ ತೋರಿಸಬೇಕು. ಅಲ್ಲಿ ಹುಲ್ಲಿನ ಗುಡಿಸಲು ಕಟ್ಟಿಕೊಂಡು, ಪರಿಚಯದವರಿಗೆಲ್ಲ ಪದ್ಯ ಬರೆದು ಪೀಚ್ ಸಸಿ ಕೇಳಿದ, ಬಿದಿರು ಕೇಳಿದ. ನಿಮ್ಮನೆ ಪಿಂಗಾಣಿ ಬಟ್ಟಲು ಮಂಜಿಗಿಂತ ಬೆಳ್ಳಗಿದೆ, ಬೇಗ ನನ್ನ ಗುಡಿಸಲಿಗೆ ಕಳಿಸಿ ಅಂತ ಒಬ್ಬರಿಗೆ ಬರೆದ. ಶುರು ಮಾಡೋರು ಈ ಬಟ್ಟಲಿನ ಪದ್ಯದಿಂದಲೇ ಮಾಡಿ. ನಾಲ್ಕೇ ಸಾಲು.