ವಿದೇಶಿ ಕ್ಷೇತ್ರಕಾರ್ಯ: ಕಲಿಸುವವಳಿಗೆ ಸಂಬಳ ಕೊಡಿ

ನಮಸ್ಕಾರ. ಕ್ಷೇತ್ರಕಾರ್ಯ ಎಂದರೆ ಸಮಾಜಕಾರ್ಯ ವಿದ್ಯಾರ್ಥಿಗಳು ಓದಿನ ಭಾಗವಾಗಿ ಒಂದು ಸಂಸ್ಥೆಯಲ್ಲಿ ಪಡೆಯುವ ಪ್ರಾಯೋಗಿಕ ತರಬೇತಿ. ಕಳೆದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: ‘ಸಮಾಜಕಾರ್ಯ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆಂದು ಹೊರದೇಶಕ್ಕೆ ಹೋದರೆ ಅಲ್ಲಿನ ಸಂಸ್ಥೆಗೆ ಲಾಭವೇ ತಾನೆ? ಪುಕ್ಕಟೆ ಕೆಲಸಗಾರರು ಸಿಗುತ್ತಾರೆ.’ ಓದಿದಾಗಿನಿಂದ ನನ್ನ ಸಿಟ್ಟು ಇಳಿದಿಲ್ಲ.

ಪುಕ್ಕಟೆ ದುಡಿಯುತ್ತಿರುವವಳು ಆ ಸಂಸ್ಥೆಯ ಕಾರ್ಯಕರ್ತೆ! ಭಾಷೆ ಬಾರದ ವಿದ್ಯಾರ್ಥಿ ಒಂದು ಮನೆಗೆ ಭೇಟಿ ಕೊಡಬೇಕೆಂದರೆ ಅವಳೂ ಜೊತೆಗೆ ಹೋಗಬೇಕು. ಆ ಮನೆಯ ತಾಯಿ ಹೇಳಿದ್ದನ್ನೆಲ್ಲ ಅನುವಾದಿಸಬೇಕು. ಏನು ಕೇಳಬಹುದು, ಏನು ಕೇಳಬಾರದು, ಮಕ್ಕಳ ಫೋಟೊ ಏಕೆ ತೆಗೆಯಬಾರದು ಎಂದು ತಿಳಿಹೇಳಬೇಕು. ಸಂಜೆ ಕುಳಿತು ಅವನ ವರದಿ ತಿದ್ದಬೇಕು, ಅವನ ವಿಶ್ವವಿದ್ಯಾಲಯ ಕಳಿಸಿದ ಮೌಲ್ಯಮಾಪನದ ನಮೂನೆ ತುಂಬಬೇಕು. ಅಷ್ಟು ಹೊತ್ತೂ ಅವಳ ಪಾಲಿನ ಪ್ರಕರಣಗಳು ಹಾಗೆಯೇ ಬಿದ್ದಿರುತ್ತವೆ. ಹುಡುಗ ಒಂದಿಷ್ಟು ಪಳಗಿ ಕೆಲಸಕ್ಕೆ ಒದಗುತ್ತಾನೆ ಎನ್ನುವಷ್ಟರಲ್ಲಿ ಅವನು ಹಿಂತಿರುಗುವ ದಿನ ಬಂದಿರುತ್ತದೆ. ಇನ್ನೊಬ್ಬ ಬರುತ್ತಾನೆ, ಪಾಠ ಮತ್ತೆ ಮೊದಲಿನಿಂದ.

ಈ ಪಾಠದ ಶುಲ್ಕವನ್ನು ವಿದ್ಯಾರ್ಥಿ ಕಟ್ಟುವುದು ಯಾರಿಗೆ? ತನ್ನ ವಿಶ್ವವಿದ್ಯಾಲಯಕ್ಕೆ. ಅಮೆರಿಕದಲ್ಲಿ ಎಂಎಸ್‌ಡಬ್ಲ್ಯು, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ ಕನಿಷ್ಠ 900 ಗಂಟೆ ಕ್ಷೇತ್ರಕಾರ್ಯ ಬೇಕು. ಅಮೆರಿಕದ ಸಮಾಜಕಾರ್ಯ ಶಿಕ್ಷಣ ಮಂಡಳಿ 2008ರಲ್ಲಿ, ಕ್ಷೇತ್ರಕಾರ್ಯವೇ ಈ ವೃತ್ತಿಶಿಕ್ಷಣದ ಹೆಗ್ಗುರುತಿನ ಬೋಧನಾ ಕ್ರಮ ಎಂದು ಸಾರಿತು. ಹಾಗಾದರೆ ಕ್ಷೇತ್ರದಲ್ಲಿ ಬೋಧಿಸುವವಳು ಬೋಧಕಿ. ಬೋಧಕಿಗೆ ಸಂಬಳ ಕೊಡಿ!

‘ಸ್ವದೇಶದಲ್ಲಿ ಮೇಲ್ವಿಚಾರಣೆ ಮಾಡುವ ಸಂಸ್ಥೆಗಳಿಗೂ ಎಷ್ಟೋ ಕಡೆ ಏನೂ ಕೊಡುವುದಿಲ್ಲ’ ಎಂದು ವಾದಿಸುವವರಿದ್ದಾರೆ. ಅಲ್ಲಿಯೂ ಕೊಡಿ, ಬೇಡ ಎಂದವರು ಯಾರು? ಆದರೂ ಸ್ವದೇಶದ ಸಂಸ್ಥೆ ತಾನು ತರಬೇತಿ ಕೊಟ್ಟವರನ್ನು ಮುಂದೆ ಕೆಲಸಕ್ಕೆ ತೆಗೆದುಕೊಳ್ಳಬಹುದು. ಸಾಗರದಾಚೆಯ ಸಂಸ್ಥೆಗೆ ಆ ಭಾಗ್ಯವೂ ಇಲ್ಲ. ತಾನು ಕಲಿಸಿದ್ದೆಲ್ಲ ವಿಮಾನ ಹತ್ತಿ ಹೋಗುತ್ತದೆ.

ಚಿಂತಕ ಇವಾನ್ ಇಲಿಚ್ 1968ರಲ್ಲಿ ಮೆಕ್ಸಿಕೊದಲ್ಲಿ, ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆಯೇ ನಿಂತು, ನೋಡಲು ಬನ್ನಿ, ಕಲಿಯಲು ಬನ್ನಿ, ನೆರವಾಗುತ್ತೇವೆಂದು ಮಾತ್ರ ಬರಬೇಡಿ ಎಂಬ ಅರ್ಥದ ಮಾತನಾಡಿದರು. ಎಂಥ ಎದೆಗಾರಿಕೆ! ಕಲಿಯಲು ಬನ್ನಿ ಎಂಬುದನ್ನೇ ನಾನು ಹಿಡಿದುಕೊಳ್ಳುತ್ತೇನೆ. ಕಲಿಯಲು ಬಂದವರು ಕಲಿಸುವವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಲಿ.

  

ಇನ್ನು, ‘ಹಣ ಕೊಟ್ಟರೆ ಸೇವಾ ಮನೋಭಾವ ಕೆಡುತ್ತದೆ’ ಎನ್ನುವವರು. ತಿಂಗಳಿಗೆ ಸರಿಯಾಗಿ ಸಂಬಳ ಎಣಿಸುವ ಪ್ರಾಧ್ಯಾಪಕರ ಸೇವಾ ಮನೋಭಾವ ಕೆಟ್ಟಿದೆಯೇ? ‘ಪ್ರಶಂಸಾಪತ್ರ ಕೊಡುತ್ತೇವಲ್ಲ’ ಎನ್ನುವವರು. ಪ್ರಶಂಸಾಪತ್ರ ತೋರಿಸಿ ಬಾಡಿಗೆ ಕಟ್ಟಲಾಗುತ್ತದೆಯೇ? ‘ಬಜೆಟ್ ಇಲ್ಲ’ ಎನ್ನುವವರು. ಮಕ್ಕಳ ನಡುವೆ ನಗುತ್ತ ನಿಂತ ವಿದ್ಯಾರ್ಥಿಯ ಬಣ್ಣದ ಚಿತ್ರವನ್ನು ಪ್ರವೇಶದ ಕರಪತ್ರದಲ್ಲಿ ಅಚ್ಚು ಹಾಕಿಸಲು ಬಜೆಟ್ ಇದೆ! ‘ಇದು ಪರಸ್ಪರ ವಿನಿಮಯ’ ಎನ್ನುವವರು. ಆ ಕಾರ್ಯಕರ್ತೆಯನ್ನು ನಿಮ್ಮ ವಿಭಾಗಕ್ಕೆ ಒಂದು ವಾರವಾದರೂ ಕರೆಸಿದ್ದೀರಾ? ವೀಸಾಗೆ ಒಂದು ಪತ್ರ ಬರೆದುಕೊಟ್ಟಿದ್ದೀರಾ? ಹೇಳಿ!

ಸಂಬಳ ಕೊಡಿ. ಗೌರವಧನ ಎಂದಾದರೂ ಕರೆಯಿರಿ, ಶುಲ್ಕದ ಪಾಲು ಎಂದಾದರೂ ಕರೆಯಿರಿ, ಕೊಡಿ! ಹೊರದೇಶಕ್ಕೆ ಹೊರಟಿರುವ ವಿದ್ಯಾರ್ಥಿಗಳೇ, ಟಿಕೆಟ್ ಕಾಯ್ದಿರಿಸುವ ಮೊದಲು ನಿಮ್ಮ ವಿಭಾಗದ ಕಚೇರಿಗೆ ಹೋಗಿ, ನಾನು ಕಟ್ಟಿದ ಶುಲ್ಕದಲ್ಲಿ ನನಗೆ ಅಲ್ಲಿ ಕಲಿಸುವವರ ಪಾಲೆಷ್ಟು ಎಂದು ಕೇಳಿ. ಏನು ಉತ್ತರ ಕೊಟ್ಟರೆಂದು ಕೆಳಗೆ ಬರೆಯಿರಿ. ಒಂದನ್ನೂ ಬಿಡದೆ ಓದುತ್ತೇನೆ.