ಕಡಲಿಗೆ ಎಸೆದ ಕಾಯಿ

ಕೇಳುಗರಿಗೆ ನಮಸ್ಕಾರ. ಜಗತ್ತನ್ನೇ ದೇವರೆಂದು ಕರೆದರೆ ಆ ಮಾತಿಗೆ ಅರ್ಥವಿದೆಯೇ? ವಿಷಯ ಕೇಳಿಯೇ ರೇಡಿಯೊ ಆರಿಸಬೇಡಿ. ಮೀನು ಹೆಚ್ಚುತ್ತಲೋ ಅಡಿಕೆ ಸುಲಿಯುತ್ತಲೋ ಕೇಳಬಹುದಾದ ಮಾತು ಇದು. ನಾನು ಹೇಳುವುದು ಇಷ್ಟೇ: ಹೆಸರಿಟ್ಟ ಮೇಲೆ ಏನಾದರೂ ಬದಲಾಗಬೇಕು. ಬದಲಾಗದಿದ್ದರೆ ಆ ಹೆಸರು ದಂಡ.

ಮಸೂರ ಉಜ್ಜಿ ಹೊಟ್ಟೆ ಹೊರೆದ ಡಚ್ ತತ್ತ್ವಜ್ಞಾನಿ ಸ್ಪಿನೋಜಾ ‘ದೇವರು ಅಥವಾ ನಿಸರ್ಗ’ ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಬರೆದ. 1656ರಲ್ಲಿ, 23ನೆಯ ವಯಸ್ಸಿಗೇ, ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯ ಅವನನ್ನು ಬಹಿಷ್ಕರಿಸಿತ್ತು. ಮುಂದೆ ಜರ್ಮನಿಯ ತತ್ತ್ವಜ್ಞಾನಿ ಶೋಪೆನ್‌ಹೌವರ್ ತಕರಾರು ತೆಗೆದ: ಜಗತ್ತನ್ನು ದೇವರೆಂದರೆ ನಿಘಂಟಿಗೆ ಇನ್ನೊಂದು ಸಮಾನಪದ ಸೇರಿತು, ಅಷ್ಟೇ, ಜಗತ್ತಿನ ಬಗ್ಗೆ ಹೊಸದೇನು ತಿಳಿಯಿತು? ತಕರಾರು ಸರಿಯಾದದ್ದೇ.

ಎಂ.ಎ. ಮುಗಿಸಿ ಬಂದ ಹೊಸತರಲ್ಲಿ ನಾನೂ ಇದೇ ಜಾಣತನ ತೋರಿಸಿದ್ದೆ. ನೂಲ ಹುಣ್ಣಿಮೆ. ಕಾರವಾರದ ಕಡಲ ದಂಡೆಯಲ್ಲಿ ವಯಸ್ಸಾದ ಮೀನುಗಾರರೊಬ್ಬರು ಮೊಣಕಾಲುದ್ದ ನೀರಿಗಿಳಿದು, ಕುಂಕುಮ ಹಚ್ಚಿದ ತೆಂಗಿನಕಾಯಿಯನ್ನು ಎರಡೂ ಕೈಯಲ್ಲಿ ತೂಗಿ ಎಸೆದರು. ನಾನು ಕೇಳಿದೆ: “ಅಜ್ಜಾ, ಕಡಲು ದೇವರಾದರೆ ಕಾಯಿಯೂ ದೇವರೇ, ನೀವೂ ದೇವರೇ. ಹಾಗಿದ್ದರೆ ಯಾರು ಯಾರಿಗೆ ಏನು ಕೊಟ್ಟಂತಾಯಿತು?” ಅವರು ಉತ್ತರಿಸಲಿಲ್ಲ. ಅಷ್ಟರಲ್ಲಿ ಅಲೆ ಆ ಕಾಯಿಯನ್ನು ಉರುಳಿಸುತ್ತಾ ತಂದು ನನ್ನ ಚಪ್ಪಲಿಯ ಪಕ್ಕದಲ್ಲೇ ಬಿಟ್ಟಿತು. ಕುಂಕುಮವೆಲ್ಲ ತೊಳೆದುಹೋಗಿ ಜುಟ್ಟಿಗೆ ಮರಳು ಮೆತ್ತಿತ್ತು. ನಾನು ಗೆದ್ದವನಂತೆ ನಕ್ಕೆ. ಹುಡುಗನೊಬ್ಬ ಅದನ್ನೆತ್ತಿಕೊಂಡು ಓಡಿದ. ಅಜ್ಜ ಮಾತ್ರ ನನ್ನ ಕಡೆ ನೋಡದೆ, ದೋಣಿಯಿಂದ ಹರಿದ ನೈಲಾನ್ ಬಲೆಯ ತುಂಡನ್ನು ನೀರಿಗೆ ಬಿಸಾಡಲು ಹೊರಟಿದ್ದ ಮಗನನ್ನು ಗದರಿದರು: “ಅಲ್ಲಿ ಹಾಕಬೇಡ. ಈಗಷ್ಟೇ ಕೈ ಮುಗಿದಿದ್ದೇವೆ.”

ನನ್ನ ತರ್ಕದಲ್ಲಿ ಬಲೆಯ ತುಂಡೂ ದೇವರೇ, ಎಸೆದರೆ ತಪ್ಪೇನಿಲ್ಲ! ಅವರ ಲೆಕ್ಕ ಬೇರೆ. ದೇವರೆಂದ ಮೇಲೆ ಕೈ ತಡೆಯಿತು. ಶೋಪೆನ್‌ಹೌವರನ ನಿಘಂಟಿನಲ್ಲಿ ಸಿಗದ ಅರ್ಥ ಇದೇ. ಮತ್ತೆ ಹೇಳುತ್ತೇನೆ, ಹೆಸರಿಟ್ಟ ಮೇಲೆ ಏನಾದರೂ ಬದಲಾಗಬೇಕು.

ರಾಮಾನುಜರು ಜಗತ್ತನ್ನು ದೇವರ ಶರೀರ ಎಂದರೇ ಹೊರತು ಜಗತ್ತೇ ದೇವರು ಎನ್ನಲಿಲ್ಲ. ಅದನ್ನು ಬಿಡಿಸಿ ಹೇಳಬೇಕಿತ್ತು, ಆದರೆ ಗಾಜಿನಾಚೆಯಿಂದ ಆಗಲೇ ಕೈಸನ್ನೆ ಬರುತ್ತಿದೆ. ಸ್ಪಿನೋಜಾನ ಒಂದು ಮಾತನ್ನಾದರೂ ಹೇಳಿಬಿಡುತ್ತೇನೆ: ದೇವರನ್ನು ಪ್ರೀತಿಸುವವನು, ದೇವರೂ ತನ್ನನ್ನು ತಿರುಗಿ ಪ್ರೀತಿಸಲಿ ಎಂದು ಹಂಬಲಿಸಲಾರ. ಕಾಯಿ ವಾಪಸು ಬಂದಾಗ ಅಜ್ಜನ ಮುಖದಲ್ಲಿ ಬೇಸರದ ಗೆರೆಯೂ ಇರಲಿಲ್ಲ. ಆ ಹುಡುಗ ಅದನ್ನು ಬಂಡೆಗೆ ಒಡೆದು ನನಗೂ ಒಂದು ಹೋಳು ಕೊಟ್ಟ. ಸ್ವಲ್ಪ ಉಪ್ಪುಪ್ಪಾಗಿತ್ತು.