ಮರವೇ ಎಳೆದಿಟ್ಟ ಗೆರೆ

ಅಧ್ಯಕ್ಷರೇ, ಆಯೋಜಕರೇ, ಸಭಿಕರೇ,

ಗಾಳಿಮಳೆಯ ದಿನಗಳು ಹತ್ತಿರವಾದವೆಂದರೆ ಮನೆಗಳ ಅಂಗಳದಲ್ಲಿ ಗರಗಸದ ಸದ್ದು ಏಳುತ್ತದೆ. ಈ ಉಪನ್ಯಾಸವನ್ನು ಆ ಸದ್ದು ಏಳುವ ಮೊದಲೇ ಇಟ್ಟುಕೊಳ್ಳಬೇಕೆಂದು ಆಯೋಜಕರನ್ನು ಕೇಳಿಕೊಂಡವನು ನಾನೇ. ಮನೆಯಂಗಳದಲ್ಲಿ ಮರ ಏಕೆ ಬೇಕೆಂಬುದನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ಮರವನ್ನು ಬೇಡವೆನ್ನುವವರು ಇಲ್ಲಿಗೆ ಬರುತ್ತಲೂ ಇರಲಿಲ್ಲ. ನಾನು ಹೇಳಬೇಕೆಂದಿರುವುದು ಗರಗಸವನ್ನು ಇಡುವ ಜಾಗದ ಬಗ್ಗೆ. ಕೊಂಬೆಯನ್ನು ಎಲ್ಲಿ ಕತ್ತರಿಸಬೇಕೆಂಬ ಗೆರೆಯನ್ನು ಮರ ತಾನೇ ಎಳೆದಿಟ್ಟಿರುತ್ತದೆ. ಆ ಗೆರೆಯಿಂದ ಒಂದು ಬೆರಳು ಒಳಕ್ಕೆ ಹೋದರೂ ತಪ್ಪು, ಒಂದು ಗೇಣು ಹೊರಗೆ ಉಳಿಸಿದರೂ ತಪ್ಪು.

ಮೇಜಿನ ಮೇಲಿರುವ ಈ ಮರದ ಬಿಲ್ಲೆಯನ್ನು ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಬೇಕೆಂದು ಕೋರುತ್ತೇನೆ. ಇದು ನಾನು ಬೆಳೆದ ಮನೆಯ ಹಿತ್ತಲಿನ ಮರದ್ದು. ಆ ಮರ ಮಾಡಿಗಿಂತ ಎತ್ತರವಾದಾಗ ನನ್ನ ತಂದೆಯವರಿಗೆ ಆತಂಕ ಶುರುವಾಯಿತು. ರಾತ್ರಿ ಗಾಳಿ ಬೀಸಿದರೆ ಎದ್ದು ಕೂರುತ್ತಿದ್ದರು. ಕಡೆಗೊಂದು ದಿನ ಮರ ಸವರುವವರನ್ನು ಕರೆಸಿದರು. ಅವರು ಮಧ್ಯಾಹ್ನದೊಳಗೆ ನೆತ್ತಿಯನ್ನು ಪೂರ್ತಿ ಕಡಿದು, ತೋಳಿನಂತೆ ಮೇಲೆದ್ದ ನಾಲ್ಕು ಮೋಟುಗಳನ್ನಷ್ಟೇ ಉಳಿಸಿ, ಅವುಗಳ ತುದಿಗೆ ಶ್ರದ್ಧೆಯಿಂದ ಬಣ್ಣ ಬಳಿದು ಹೋದರು. ಅವರಿಗೆ ತಿಳಿದಿದ್ದ ಕೆಲಸ ಅದೇ, ಅವರನ್ನು ದೂರಲಾರೆ. ಮರುವರ್ಷ ಪ್ರತಿ ಮೋಟಿನ ಅಂಚಿನಿಂದಲೂ ಹತ್ತಿಪ್ಪತ್ತು ಚಿಗುರುಗಳು ನೆಟ್ಟಗೆ ಎದ್ದವು. ಮರ ಬದುಕಿಕೊಂಡಿತೆಂದು ಮನೆಯವರೆಲ್ಲ ಹಿಗ್ಗಿದೆವು. ನಾಲ್ಕೇ ವರ್ಷದಲ್ಲಿ ಅದು ಹಳೆಯ ಎತ್ತರವನ್ನು ಮುಟ್ಟಿತು, ಮೊದಲಿಗಿಂತಲೂ ದಟ್ಟವಾಗಿತ್ತು. ಎಂಟನೆಯ ವರ್ಷ, ಬಿರುಗಾಳಿಯೇನೂ ಇಲ್ಲದ ಒಂದು ಸಂಜೆ, ಹೀಗೆ ಹುಟ್ಟಿದ ಕೊಂಬೆಗಳಲ್ಲೊಂದು, ಆ ವೇಳೆಗೆ ತೊಡೆಯಷ್ಟು ದಪ್ಪವಾಗಿದ್ದದ್ದು, ಬುಡಸಮೇತ ಸಿಗಿದುಕೊಂಡು ನೀರಿನ ತೊಟ್ಟಿಯ ಮೇಲೆ ಬಿದ್ದು ತೊಟ್ಟಿಯ ಅಂಚನ್ನು ಪುಡಿ ಮಾಡಿತು. ಕಾಲು ಗಂಟೆಯ ಹಿಂದೆ ನನ್ನ ತಾಯಿ ಅಲ್ಲಿಂದ ಎದ್ದು ಒಳಗೆ ಬಂದಿದ್ದರು. ಅವರು ಅಲ್ಲೇ ಕುಳಿತಿದ್ದರೆ ಎಂಬ ಯೋಚನೆಯನ್ನು ಇವತ್ತಿಗೂ ಪೂರ್ತಿ ಮಾಡಲು ನನ್ನಿಂದಾಗಿಲ್ಲ.

ಮರವನ್ನು ಉರುಳಿಸಿದಾಗ, ಕಡಿದ ಜಾಗಕ್ಕಿಂತ ಒಂದು ಮಾರು ಕೆಳಗಿನಿಂದ ಈ ಬಿಲ್ಲೆಯನ್ನು ಕೊಯ್ಸಿ ಇಟ್ಟುಕೊಂಡೆ. ನಡುವೆ ಕಪ್ಪಾಗಿ ಕೊಳೆತ ವೃತ್ತವೊಂದು ಕಾಣುತ್ತದೆ. ನೆತ್ತಿ ಕಡಿದ ದಿನ ಕಾಂಡ ಎಷ್ಟು ದಪ್ಪವಿತ್ತೋ ಆ ವೃತ್ತವೂ ಹೆಚ್ಚು ಕಡಿಮೆ ಅಷ್ಟೇ ಅಗಲವಾಗಿದೆ. ಅದರ ಸುತ್ತ, ಆ ಬಳಿಕದ ಎಂಟು ವರ್ಷಗಳಲ್ಲಿ ಬೆಳೆದ ಭಾಗ ತಿಳಿಬಣ್ಣದ ಬಳೆಯಂತೆ ನಿರ್ಮಲವಾಗಿದೆ. ಕೊಳೆತ ಆ ಗಡಿಯನ್ನು ಒಂದು ಕಡೆಯೂ ದಾಟಿಲ್ಲ.

ಆ ಗಡಿಯ ಅರ್ಥ ನನಗೆ ತಿಳಿದದ್ದು ಅಲೆಕ್ಸ್ ಶೈಗೋ ಅವರ ಕೆಲಸದ ಪರಿಚಯವಾದ ಮೇಲೆ. ಅಮೆರಿಕದ ಅರಣ್ಯ ಸೇವೆಯನ್ನು 1959ರಲ್ಲಿ ಸೇರಿದ ಈ ವಿಜ್ಞಾನಿ, ಆ ಕಾಲಕ್ಕೆ ಹೊಸದಾಗಿ ಒದಗಿದ, ಒಬ್ಬರೇ ಹಿಡಿಯಬಹುದಾದ ಯಂತ್ರಗರಗಸದಿಂದ ಮರಗಳನ್ನು ಉದ್ದುದ್ದಕ್ಕೆ ಸೀಳಿ ನೋಡತೊಡಗಿದರು. ಹೀಗೆ ಅವರು ಸೀಳಿ ಪರೀಕ್ಷಿಸಿದ ಮರಗಳು 15,000ಕ್ಕೂ ಹೆಚ್ಚೆಂದು ಹೇಳುತ್ತಾರೆ. 1977ರಲ್ಲಿ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದ ಬರಹದಲ್ಲಿ ಅವರು ಮಂಡಿಸಿದ ವಿಚಾರದ ತಿರುಳು ಇದು: ನಮ್ಮ ಚರ್ಮ ಗಾಯದ ಜಾಗದಲ್ಲಿ ಹೊಸ ಜೀವಕೋಶಗಳನ್ನು ತುಂಬಿ ವಾಸಿಯಾಗುತ್ತದೆ, ಮರಕ್ಕೆ ಆ ಶಕ್ತಿ ಇಲ್ಲ. ಗಾಯವಾದ ಭಾಗದ ಸುತ್ತ ಅದು ಗೋಡೆಗಳನ್ನು ಕಟ್ಟಿ, ಅದನ್ನು ಒಳಗೇ ಬಂಧಿಸಿ, ಹೊರಗೆ ಹೊಸದಾಗಿ ಬೆಳೆಯುತ್ತದೆ. ಆ ಗೋಡೆಗಳು ನಾಲ್ಕು. ನೀರು ಸಾಗುವ ನಾಳಗಳ ಉದ್ದಕ್ಕೆ ಅಡ್ಡವಾಗಿ ನಿಲ್ಲುವುದು ಎಲ್ಲಕ್ಕಿಂತ ದುರ್ಬಲ. ಕೊಳೆತ ಮೋಟಿನಿಂದ ಕಾಂಡದೊಳಕ್ಕೆ ಇಳಿಯುವುದು ಆ ದಾರಿಯಲ್ಲೇ. ಗಾಯವಾದ ಬಳಿಕ ಬೆಳೆದ ಹೊಸ ಕಟ್ಟಿಗೆಗೂ ಹಳೆಯದಕ್ಕೂ ನಡುವೆ ಏಳುವ ಗೋಡೆ ಎಲ್ಲಕ್ಕಿಂತ ಗಟ್ಟಿ. ನಿಮ್ಮ ಕೈಯಲ್ಲಿರುವ ಬಿಲ್ಲೆಯಲ್ಲಿ ಕಾಣುವ ಗಡಿ ಅದೇ.

ಒಮ್ಮೆ ಮಕ್ಕಳ ಸಭೆಯಲ್ಲಿ ಇದನ್ನು ತೋರಿಸಿದಾಗ ಪುಟ್ಟ ಹುಡುಗಿಯೊಬ್ಬಳು ತನ್ನ ಮೊಣಕಾಲಿನ ಗಾಯವನ್ನು ಮುಟ್ಟಿಕೊಳ್ಳುತ್ತಾ, “ಹಾಗಾದರೆ ಮರದ ಹಕ್ಕಳೆ ಯಾವತ್ತೂ ಉದುರುವುದಿಲ್ಲವೇ?” ಎಂದು ಕೇಳಿದಳು. ಸಭೆಯೆಲ್ಲ ನಕ್ಕಿತು. ನನ್ನ ಅರ್ಧ ಗಂಟೆಯ ಮಾತನ್ನು ಆ ಮಗು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿತ್ತು. ನಾವು ಮಾಡಿದ ಪ್ರತಿ ಗಾಯವೂ ಮರ ಇರುವವರೆಗೆ ಅದರೊಳಗೆ ಇರುತ್ತದೆ. ಬಣ್ಣವಾಗಲಿ ಡಾಂಬರಾಗಲಿ ಬಳಿದರೆ ಕೊಳೆತ ನಿಲ್ಲುವುದಿಲ್ಲ. ಕೆಲವೊಮ್ಮೆ ಅದರಡಿ ತೇವ ಉಳಿದು ಶಿಲೀಂಧ್ರಕ್ಕೇ ಅನುಕೂಲವಾಗುತ್ತದೆ.

ಇನ್ನು ಆ ಗೆರೆ. ಕೊಂಬೆ ಕಾಂಡವನ್ನು ಸೇರುವ ಕಡೆ ಬುಡದಲ್ಲಿ ಕೊರಳಪಟ್ಟಿಯಂತೆ ಉಬ್ಬಿಕೊಂಡಿರುತ್ತದೆ. ಕವಲಿನ ಮೇಲ್ಗಡೆ ತೊಗಟೆ ಒತ್ತಿಕೊಂಡು ಸುಕ್ಕುಗಟ್ಟಿದ ಏಣು ಕಾಣುತ್ತದೆ. ಆ ಏಣಿನ ಹೊರಗಿನಿಂದ ಶುರುವಾಗಿ ಉಬ್ಬಿನ ಹೊರ ಅಂಚಿಗೆ ಮುಗಿಯುವ ಓರೆಯೇ ಮರ ಎಳೆದ ಗೆರೆ. ಉಬ್ಬು ನೋಡುವುದಕ್ಕೆ ಕೊಂಬೆಯ ಭಾಗದಂತಿದ್ದರೂ ಅದರಲ್ಲಿ ಕಾಂಡದ ಜೀವಕೋಶಗಳು ಸೇರಿಕೊಂಡಿರುತ್ತವೆ, ಕೊಳೆತವನ್ನು ತಡೆಯುವ ಬಲವೂ ಅಲ್ಲೇ ಇರುತ್ತದೆ. ಕಾಂಡಕ್ಕೆ ಸಪಾಟಾಗಿ ಕತ್ತರಿಸುವುದೇ ನಾಜೂಕಿನ ಕೆಲಸವೆಂದು ಬಹುಕಾಲ ಕಲಿಸಲಾಗುತ್ತಿತ್ತು. ಹಾಗೆ ಮಾಡಿದಾಗ ನಾವು ಕಾಂಡವನ್ನೇ ಕೊಯ್ದಿರುತ್ತೇವೆ. ಮೋಟು ಬಿಟ್ಟರೆ ಆಗುವುದು ಇನ್ನೊಂದು ಬಗೆಯ ಕೇಡು. ಎಲೆಯಿಲ್ಲದ ಮೋಟು ಒಣಗುತ್ತದೆ, ಹೊಸ ತೊಗಟೆ ಅದನ್ನು ಸುತ್ತುವರಿದು ಮುಚ್ಚಲಾರದೆ ಹೋಗುತ್ತದೆ, ಶಿಲೀಂಧ್ರಕ್ಕೆ ಅದೊಂದು ತೆರೆದ ಬಾಗಿಲಾಗುತ್ತದೆ. ಸರಿಯಾಗಿ ಕತ್ತರಿಸಿದ್ದರೆ ಗಾಯದ ಸುತ್ತ ಎಲ್ಲ ಕಡೆಯಿಂದಲೂ ಸಮನಾಗಿ ಬಳೆಯಂತೆ ಅಂಚು ಬೆಳೆಯುತ್ತದೆ. ನಿಮ್ಮ ಮನೆಯ ಮರದ ಹಳೆಯ ಗಾಯಗಳಲ್ಲಿ ಇದನ್ನು ನೀವೇ ಪರೀಕ್ಷಿಸಬಹುದು.

ಭಾರವಾದ ಕೊಂಬೆಯನ್ನು ಒಂದೇ ಏಟಿಗೆ ಆ ಗೆರೆಯಲ್ಲಿ ಕೊಯ್ಯಲು ಹೊರಟರೆ, ಕೊಯ್ತ ಮುಗಿಯುವ ಮುನ್ನವೇ ಕೊಂಬೆ ತನ್ನ ಭಾರಕ್ಕೆ ಜಗ್ಗಿ ಕಾಂಡದ ತೊಗಟೆಯನ್ನು ಉದ್ದಕ್ಕೂ ಸುಲಿದುಕೊಂಡು ಬೀಳುತ್ತದೆ. ಆದ್ದರಿಂದ ಮೂರು ಸಲ ಕೊಯ್ಯಬೇಕು. ಕಾಂಡದಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಕೆಳಗಿನಿಂದ ಮೇಲಕ್ಕೆ, ಕೊಂಬೆಯ ದಪ್ಪದ ಮೂರನೇ ಒಂದು ಭಾಗದಷ್ಟು ಕೊಯ್ಯಿರಿ. ಆ ಕೊಯ್ತದಿಂದ ನಾಲ್ಕು ಬೆರಳು ಹೊರಗೆ ಮೇಲಿನಿಂದ ಕೊಯ್ದರೆ ಕೊಂಬೆ ಬಿದ್ದರೂ ತೊಗಟೆ ಸುಲಿಯುವುದಿಲ್ಲ. ಕಡೆಗೆ ಉಳಿದ ಹಗುರವಾದ ಮೋಟನ್ನು ಕೈಯಲ್ಲಿ ಹಿಡಿದು, ಗೆರೆಯಲ್ಲೇ ನಿಧಾನವಾಗಿ ತೆಗೆಯಿರಿ.

ನೆತ್ತಿ ಕಡಿಯುವ ವಿಷಯಕ್ಕೆ ಮತ್ತೆ ಬರುತ್ತೇನೆ. ಮತ್ತೆ ಮತ್ತೆ ಬರುತ್ತಿದ್ದೇನೆಂದು ನನಗೆ ಗೊತ್ತು, ಆದರೆ ನಮ್ಮ ಮನೆಯ ಕೊಂಬೆ ಏಕೆ ಬಿತ್ತೆಂಬುದನ್ನು ಇನ್ನೂ ಹೇಳಿಲ್ಲ. ಸಹಜವಾಗಿ ಬೆಳೆದ ಕೊಂಬೆ ಎಳೆಯದಿದ್ದಾಗಿನಿಂದಲೂ ವರ್ಷ ವರ್ಷವೂ ಕಾಂಡದೊಂದಿಗೆ ಪದರ ಪದರವಾಗಿ ಹೆಣೆದುಕೊಂಡಿರುತ್ತದೆ. ಮೋಟಿನ ಅಂಚಿನಲ್ಲಿ ಹಸಿವೆಗೆ ಅವಸರದಿಂದ ಹೊರಡುವ ಚಿಗುರಿಗೆ ಅಂಥ ಹೆಣಿಗೆ ಇರುವುದಿಲ್ಲ. ಅದು ಹೊರಗಿನ ಪದರಕ್ಕಷ್ಟೇ ಅಂಟಿಕೊಂಡಿರುತ್ತದೆ, ಅದರಡಿಯ ಕಟ್ಟಿಗೆ ಕೊಳೆಯುತ್ತಿರುತ್ತದೆ, ಮೇಲೆ ಭಾರ ಮಾತ್ರ ಏರುತ್ತಲೇ ಹೋಗುತ್ತದೆ. ಸುರಕ್ಷತೆಗೆಂದು ನೆತ್ತಿ ಕಡಿಸಿದ ಮನೆಯವರು ಕೆಲವೇ ವರ್ಷಗಳಲ್ಲಿ ಮೊದಲಿಗಿಂತ ಅಪಾಯಕಾರಿಯಾದ ಮರದಡಿ ಮಲಗಿರುತ್ತಾರೆ. ಎತ್ತರ ತಗ್ಗಿಸಲೇಬೇಕಾದರೆ, ತೆಗೆಯುವ ಭಾಗದ ಮೂರನೇ ಒಂದರಷ್ಟಾದರೂ ದಪ್ಪವಿರುವ ಪಕ್ಕದ ಕವಲಿನ ತನಕ ಹಿಂದಕ್ಕೆ ಕತ್ತರಿಸಬೇಕು. ಆಗ ಆ ಕವಲು ತುದಿಯ ಕೆಲಸವನ್ನು ವಹಿಸಿಕೊಳ್ಳುತ್ತದೆ. ಒಂದು ವರ್ಷದಲ್ಲಿ ಹಸಿರು ಭಾಗದ ಕಾಲು ಪಾಲಿಗಿಂತ ಹೆಚ್ಚು ತೆಗೆಯಬಾರದು. ವಯಸ್ಸಾದ ಮರಕ್ಕೆ ಅದೂ ಹೆಚ್ಚೇ.

ಎಳೆಯ ಮರದ ಬಗ್ಗೆ ವಿಸ್ತಾರವಾಗಿ ಹೇಳಬೇಕೆಂದಿದ್ದೆ, ಆದರೆ ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಒಂದು ಮಾತು ಸಾಕು: ಮರ ಎತ್ತರವಾಗುವುದು ತುದಿಯಲ್ಲಿ, ಹಾಗಾಗಿ ಇಂದು ಎದೆಯ ಮಟ್ಟದಲ್ಲಿರುವ ಕೊಂಬೆ ಮೂವತ್ತು ವರ್ಷದ ಬಳಿಕವೂ ಎದೆಯ ಮಟ್ಟದಲ್ಲೇ ಇರುತ್ತದೆ. ದಾರಿಗೆ ಅಡ್ಡ ಬರುವುದನ್ನೂ, ಒಂದೇ ಕಡೆಯಿಂದ ಸಮ ದಪ್ಪದಲ್ಲಿ ಜೋಡಿಯಾಗಿ ಎದ್ದ ಕಾಂಡಗಳಲ್ಲಿ ಒಂದನ್ನೂ, ಬೆರಳಿನಷ್ಟಿರುವಾಗಲೇ ಕತ್ತರಿಯಿಂದ ತೆಗೆದರೆ ಗಾಯ ಬೇಗ ಮುಚ್ಚುತ್ತದೆ. ಹೊಸ ಎಲೆ ಬಿಡುತ್ತಿರುವಾಗ ಮರ ಕೂಡಿಟ್ಟ ಆಹಾರವನ್ನು ಖರ್ಚು ಮಾಡಿಕೊಂಡಿರುತ್ತದೆ, ಆಗ ಮುಟ್ಟಬೇಡಿ. ಒಣಗಿದ ಕೊಂಬೆಗೆ ಕಾಲದ ಕಟ್ಟಿಲ್ಲ.

ಬೇರುಗಳಲ್ಲಿ ಹೆಚ್ಚಿನವು ಮೇಲಿನ ಅರ್ಧ ಮೀಟರ್ ಮಣ್ಣಿನಲ್ಲೇ, ಕೊಂಬೆಗಳ ಹರಹನ್ನೂ ದಾಟಿ ಹಬ್ಬಿರುತ್ತವೆ. ಅಲ್ಲಿ ವಾಹನ ನಿಲ್ಲಿಸಬೇಡಿ, ಕಾಂಡದ ಬುಡಕ್ಕೆ ಮಣ್ಣು ಏರಿಸಬೇಡಿ. ವಿದ್ಯುತ್ ತಂತಿಯಿಂದ 3 ಮೀಟರ್ ಒಳಗಿರುವ ಕೊಂಬೆಯನ್ನೂ, ಏಣಿ ಹತ್ತಿ ಯಂತ್ರಗರಗಸ ಹಿಡಿಯಬೇಕಾದ ಕೆಲಸವನ್ನೂ ತರಬೇತಿ ಪಡೆದವರಿಗೇ ಬಿಡಿ. ಹಸಿ ಕೊಂಬೆಯಲ್ಲಿ ವಿದ್ಯುತ್ ಹರಿಯುತ್ತದೆ.

ಬಿಲ್ಲೆ ಹಿಂದಿನ ಸಾಲಿನವರಿಗೆ ಇನ್ನೂ ತಲುಪಿಲ್ಲವೆಂದು ಕಾಣುತ್ತದೆ; ನೋಡಿಕೊಂಡೇ ಬನ್ನಿ. ಈ ಸಭಾಂಗಣದ ಬಾಗಿಲಿನ ಬಲಗಡೆಯ ಮರದಲ್ಲಿ, ತಲೆಯ ಮಟ್ಟದಲ್ಲೇ, ಯಾರೋ ಬಿಟ್ಟುಹೋದ ಒಂದು ಮೋಟಿದೆ, ಅದರ ಬುಡದ ಉಬ್ಬು ಸ್ಪಷ್ಟವಾಗಿ ಕಾಣುತ್ತದೆ. ಕತ್ತರಿಸಲು ಆಯೋಜಕರ ಒಪ್ಪಿಗೆ ಪಡೆದಿದ್ದೇನೆ, ಕೈಗರಗಸವನ್ನೂ ತಂದಿದ್ದೇನೆ. ಬೆಳಕಿರುವಾಗಲೇ ಹೋಗೋಣ, ಗೆರೆ ಎಲ್ಲಿದೆಯೆಂದು ಮೊದಲು ನೀವು ಬೆರಳಿಟ್ಟು ತೋರಿಸಿ.